ಮಂಡಿ ನೋವು, ಸೊಂಟದ ಕೀಲು ನೋವು: ಯಾವ ಚಿಕಿತ್ಸೆ, ಯಾವ ಸರದಿಯಲ್ಲಿ?

ವೈದ್ಯರ ಮುಂದೆ ಕೂತು "ಸೊಂಟ ನೋವು" ಎಂದರೆ ಅವರಿಗೆ ಅರ್ಧ ವಿಷಯವಷ್ಟೇ ತಿಳಿಯುತ್ತದೆ. ನಮ್ಮ ಮಾತಿನಲ್ಲಿ ಬೆನ್ನಿನ ಕೆಳಭಾಗವೂ ಸೊಂಟ, ಪಕ್ಕದ ಎಲುಬೂ ಸೊಂಟ, ತೊಡೆಮೂಳೆ ಬಂದು ಕೂರುವ ಕೀಲೂ ಸೊಂಟವೇ. ಮೂರಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ಮಾತ್ರೆ, ಇಂಜೆಕ್ಷನ್, ಆಪರೇಷನ್ ಎಂಬ ಚರ್ಚೆಗೆಲ್ಲ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ನೋವು ಎಲ್ಲಿದೆ ಎಂದು ಬಾಯಲ್ಲಿ ಹೇಳುವ ಬದಲು ಬೆರಳಿಟ್ಟು ತೋರಿಸಿ.

ಮೊದಲು: ಬೆರಳು ಎಲ್ಲಿಗೆ ಹೋಗುತ್ತದೆ?

ತೊಡೆಸಂದಿನಲ್ಲಿ, ಅಂದರೆ ತೊಡೆ ಹೊಟ್ಟೆಗೆ ಸೇರುವ ಮಡಿಕೆಯಲ್ಲಿ ನೋವಿದ್ದರೆ ಅನುಮಾನ ಸೊಂಟದ ಕೀಲಿನ ಮೇಲೆ. ಕಾಲುಚೀಲ ಹಾಕಿಕೊಳ್ಳುವುದು, ಕಾಲಿನ ಉಗುರು ಕತ್ತರಿಸುವುದು, ಕಾರಿನಿಂದ ಇಳಿಯುವುದು ಕಷ್ಟವಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ತೊಡೆಯ ಹೊರಬದಿಯಲ್ಲಿ ಕೈಗೆ ಸಿಗುವ ಎಲುಬಿನ ಉಬ್ಬನ್ನು ಒತ್ತಿದರೆ ನೋವು, ಆ ಮಗ್ಗುಲಲ್ಲಿ ಮಲಗಲಾಗುವುದಿಲ್ಲ ಎಂದಾದರೆ ತೊಂದರೆ ಬಹುಮಟ್ಟಿಗೆ ಕೀಲಿನದ್ದಲ್ಲ, ಪೃಷ್ಠದ ಸ್ನಾಯುಗಳನ್ನು ಆ ಎಲುಬಿಗೆ ಕಟ್ಟಿಹಾಕುವ ಸ್ನಾಯುರಜ್ಜುಗಳದ್ದು. ಪೃಷ್ಠದಿಂದ ಮೀನಖಂಡದ ತನಕ ಎಳೆದಂತೆ ನೋವು, ಜೊತೆಗೆ ಜೋಮು ಇದ್ದರೆ ಬೆನ್ನಿನ ನರವನ್ನು ನೋಡಿಸಬೇಕು.

ಮಂಡಿಯಲ್ಲೂ ಹೀಗೆಯೇ. ಮೆಟ್ಟಿಲು ಇಳಿಯುವಾಗ, ತುಂಬ ಹೊತ್ತು ಕೂತು ಏಳುವಾಗ ಮುಂಭಾಗದಲ್ಲಿ ನೋವೆಂದರೆ ಮಂಡಿಚಿಪ್ಪಿನ ಹಿಂಭಾಗದ ಕಡೆ ಗಮನ ಹೋಗುತ್ತದೆ. ವಯಸ್ಸಾದವರಲ್ಲಿ ಸವೆತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಂಡಿಯ ಒಳಬದಿಯಲ್ಲಿ.

ಇಲ್ಲೊಂದು ಮೋಸವಿದೆ. ಸೊಂಟದ ಕೀಲು ಕೆಟ್ಟಿದ್ದರೂ ನೋವು ಮಂಡಿಯಲ್ಲಿ ಮಾತ್ರ ಕಾಣಿಸಬಹುದು, ಏಕೆಂದರೆ ಎರಡೂ ಕೀಲುಗಳಿಗೆ ಹೋಗುವ ನರಗಳಲ್ಲಿ ಕೆಲವು ಒಂದೇ. ನಮ್ಮ ಚಿಕ್ಕಮ್ಮನ ಮಂಡಿಗೆ ವರ್ಷವಿಡೀ ಮುಲಾಮು ತಿಕ್ಕಿದೆವು, ಮಂಡಿಯ ಎಕ್ಸ್-ರೇ ಎರಡು ಸಲ ತೆಗೆಸಿದೆವು, ಎರಡರಲ್ಲೂ ಏನೂ ಇರಲಿಲ್ಲ. ಮೂರನೆಯ ವೈದ್ಯರು ಮಲಗಿಸಿ, ಕಾಲು ಮಡಿಸಿ, ತೊಡೆಯನ್ನು ಒಳಮುಖವಾಗಿ ತಿರುಗಿಸಿದರು. ಚಿಕ್ಕಮ್ಮ ಕೂಗಿಕೊಂಡರು. ಕೆಟ್ಟಿದ್ದದ್ದು ಸೊಂಟದ ಕೀಲು. ಮಂಡಿಯನ್ನು ಪರೀಕ್ಷಿಸುವವರು ಸೊಂಟದ ಕೀಲನ್ನೂ ತಿರುಗಿಸಿ ನೋಡದಿದ್ದರೆ ನೀವೇ ಕೇಳಿ.

ಕಾಯಬಾರದ ನೋವು

ಕೀಲು ದಿಢೀರನೆ ಊದಿ, ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಕೀಲಿನೊಳಗಿನ ಸೋಂಕಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೆಲವೇ ದಿನ ತಡವಾದರೂ ಕೀಲು ಹಾಳಾಗುತ್ತದೆ. ಬಿದ್ದ ಮೇಲೆ ಆ ಕಾಲಿನ ಮೇಲೆ ಭಾರ ಹಾಕಲಾಗದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಮೀನಖಂಡ ಒಂದೇ ಕಾಲಿನಲ್ಲಿ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದು ರಾತ್ರಿಯಿಡೀ ನೋವಿದ್ದರೂ ಮುಂದೂಡಬೇಡಿ.

ಇನ್ನೆರಡು ಸುಳಿವುಗಳು ಅಷ್ಟು ತುರ್ತಿನವಲ್ಲ, ಆದರೆ ದಾರಿಯನ್ನೇ ಬದಲಿಸುತ್ತವೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ ಅದು ಸಾಮಾನ್ಯವಾಗಿ ಸವೆತದ ಸಂಧಿವಾತ. ಒಂದು ಗಂಟೆಗೂ ಮೀರಿ, ಹಲವು ಕೀಲುಗಳಲ್ಲಿ ಇದ್ದರೆ ಅದು ರುಮಟಾಯ್ಡ್‌ನಂಥ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಮೆಥೋಟ್ರೆಕ್ಸೇಟ್‌ನಂಥ ಬೇರೆಯದೇ ಔಷಧಿಗಳಿವೆ, ಬೇಗ ಶುರುಮಾಡಿದಷ್ಟೂ ಕೀಲು ಉಳಿಯುತ್ತದೆ. ಎರಡನೆಯದು, ಹೆಚ್ಚು ದಿನ ಸ್ಟಿರಾಯ್ಡ್ ತೆಗೆದುಕೊಂಡವರಿಗೆ ಅಥವಾ ಅತಿಯಾಗಿ ಮದ್ಯ ಸೇವಿಸುವವರಿಗೆ ತೊಡೆಸಂದಿನಲ್ಲಿ ನೋವು ಬಂದರೆ, ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಸಾಯುತ್ತಿರಬಹುದು. ಇದು ಆರಂಭದಲ್ಲಿ ಎಕ್ಸ್-ರೇಯಲ್ಲಿ ಕಾಣದು, ಎಂಆರ್‌ಐ ಬೇಕು. ಮುಂದೆ ಬರೆದಿರುವುದೆಲ್ಲ ಮುಖ್ಯವಾಗಿ ಸವೆತದ ಸಂಧಿವಾತದ ಬಗ್ಗೆ.

ಫೋಟೊ ನೋಡಿ ಹೆದರಬೇಡಿ

ವಯಸ್ಸು 45 ದಾಟಿದೆ, ಓಡಾಡಿದಾಗ ನೋವು ಹೆಚ್ಚುತ್ತದೆ, ಬೆಳಗಿನ ಬಿಗಿತ ಇಲ್ಲ ಅಥವಾ ಅರ್ಧ ಗಂಟೆ ಮೀರುವುದಿಲ್ಲ. ಇಷ್ಟಿದ್ದರೆ ಸವೆತದ ಸಂಧಿವಾತ ಎನ್ನಲು ಎಕ್ಸ್-ರೇ ಕೂಡ ಬೇಕಿಲ್ಲ ಎನ್ನುತ್ತದೆ ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ನೈಸ್‌ನ 2022ರ ಮಾರ್ಗಸೂಚಿ. ಎಕ್ಸ್-ರೇಯಲ್ಲಿನ ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕ್ರಮವನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಕೊಟ್ಟರು. "ನಿಮಗೆ ಗ್ರೇಡ್ 4" ಎಂದು ಇಂದಿಗೂ ಹೇಳುವುದು ಅದನ್ನೇ. ಆದರೆ ಗ್ರೇಡ್ 4 ಇಟ್ಟುಕೊಂಡು ಗುಡ್ಡ ಹತ್ತುವವರಿದ್ದಾರೆ, ಗ್ರೇಡ್ 2ಕ್ಕೇ ನಿದ್ದೆಗೆಟ್ಟವರೂ ಇದ್ದಾರೆ. ಸವೆಯುವುದು ಮೃದ್ವಸ್ಥಿ, ಅಂದರೆ ಕೀಲಿನೊಳಗೆ ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಪದರ. ಅದರಲ್ಲಿ ನರಗಳೇ ಇಲ್ಲ. ನೋವು ಹುಟ್ಟುವುದು ಸುತ್ತಲಿನ ಮೂಳೆ, ಕೀಲಿನ ಒಳಪೊರೆ, ಚೀಲ, ಸ್ನಾಯುಗಳಲ್ಲಿ.

ಎಂಆರ್‌ಐ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 50 ದಾಟಿದ ಸಾಮಾನ್ಯ ಜನರ ಮಂಡಿಗಳನ್ನು ಸ್ಕ್ಯಾನ್ ಮಾಡಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೆನಿಸ್ಕಸ್ (ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಭಾಗ) ಹರಿದಿದ್ದವರ ಪೈಕಿ ಶೇ 61 ಜನರಿಗೆ ಹಿಂದಿನ ತಿಂಗಳಲ್ಲಿ ಮಂಡಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ವರದಿಯಲ್ಲಿ "ಹರಿದಿದೆ" ಎಂದಿದ್ದ ಮಾತ್ರಕ್ಕೆ ನೋವಿಗೆ ಕಾರಣ ಅದೇ ಎನ್ನಲಾಗದು.

ಫೋಟೊ ಬದಲಿಗೆ ಒಂದು ಹಾಳೆ ತೆಗೆದುಕೊಳ್ಳಿ. ನೋವಿನಿಂದ ಕೈಬಿಟ್ಟಿರುವ ಮೂರು ಕೆಲಸ ಬರೆಯಿರಿ. ಜೊತೆಗೆ, ಕುರ್ಚಿಯಲ್ಲಿ ಕೂತು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ, ತಾರೀಖು ಹಾಕಿ ಬರೆದಿಡಿ. ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಎಕ್ಸ್-ರೇಗಿಂತ ಚೆನ್ನಾಗಿ ಹೇಳುವುದು ಈ ಹಾಳೆ.

ಎಲ್ಲರೂ ದಾಟಿ ಹೋಗುವ ಮೆಟ್ಟಿಲು

ಸವೆದ ಕೀಲಿಗೆ ವ್ಯಾಯಾಮವೇ? "ಸವೆದಿದೆ" ಎಂಬ ಮಾತೇ ಅರ್ಧ ತೊಂದರೆಗೆ ಮೂಲ. ಟೈರಿನ ಹಾಗೆ ಉಜ್ಜಿದಷ್ಟೂ ಮುಗಿಯುತ್ತದೆ ಎಂದುಕೊಂಡು ಜನ ಕೂತುಬಿಡುತ್ತಾರೆ. ಮೃದ್ವಸ್ಥಿ ಜೀವಂತ ವಸ್ತು. ಅದಕ್ಕೆ ರಕ್ತನಾಳ ಇಲ್ಲ, ಭಾರ ಬಿದ್ದು ಬಿಟ್ಟಾಗ ಸ್ಪಂಜಿನಂತೆ ಕೀಲಿನ ದ್ರವವನ್ನು ಹೀರಿಕೊಂಡೇ ಅದು ಬದುಕುತ್ತದೆ. ಕೂತವರ ತೊಡೆಯ ಸ್ನಾಯು ಕರಗುತ್ತದೆ, ಸ್ನಾಯು ಕರಗಿದಷ್ಟೂ ಪೆಟ್ಟೆಲ್ಲ ನೇರ ಕೀಲಿಗೆ. ಅದಕ್ಕೇ ಹೆಚ್ಚುಕಡಿಮೆ ಎಲ್ಲ ಮಾರ್ಗಸೂಚಿಗಳೂ ವ್ಯಾಯಾಮವನ್ನು ಮೊದಲಿಗೆ ಇಡುತ್ತವೆ. ಡೆನ್ಮಾರ್ಕ್ 2013ರಲ್ಲಿ ಇದನ್ನೇ "ಗ್ಲಾಡ್" ಎಂಬ ಕಾರ್ಯಕ್ರಮವಾಗಿ ಶುರುಮಾಡಿತು, ಆಮೇಲೆ ಹಲವು ದೇಶಗಳು ಅದನ್ನು ಎತ್ತಿಕೊಂಡವು.

ಮಾಡುವುದು ಹೀಗೆ. ಮಂಡಿ, ಸೊಂಟ ಎರಡಕ್ಕೂ ಮೂಲವ್ಯಾಯಾಮ ಕುರ್ಚಿಯಿಂದ ಏಳುವುದು. ಎತ್ತರದ ಕುರ್ಚಿಯಿಂದ ಆರಂಭಿಸಿ, ಬೇಕಿದ್ದರೆ ಸೀಟಿನ ಮೇಲೆ ದಿಂಬು ಹಾಕಿ. ಏಳುವುದಕ್ಕಿಂತ ಕೂರುವುದು ನಿಧಾನವಾಗಿರಲಿ. 10 ಸಲದ ಎರಡು ಸುತ್ತು. ಸುಲಭವಾದಾಗ ದಿಂಬು ತೆಗೆಯಿರಿ. ಎರಡನೆಯದು, ಅಂಗಾತ ಮಲಗಿ ಒಂದು ಕಾಲು ಮಡಿಸಿ, ನೋವಿನ ಕಾಲನ್ನು ನೇರವಾಗಿ ಒಂದಡಿ ಎತ್ತಿ ಐದು ಎಣಿಸಿ ಇಳಿಸುವುದು. ಏಳಲು ಆಗದಷ್ಟು ನೋವಿರುವ ದಿನಗಳಿಗೂ ಇದು ಸರಿಹೋಗುತ್ತದೆ. ಸೊಂಟದ ಕೀಲಿಗೆ ಇನ್ನೆರಡು: ಎರಡೂ ಮಂಡಿ ಮಡಿಸಿ ಮಲಗಿ ಪೃಷ್ಠವನ್ನು ಮೇಲೆತ್ತುವುದು, ಮತ್ತು ಒಳ್ಳೆಯ ಮಗ್ಗುಲಲ್ಲಿ ಮಲಗಿ ಮೇಲಿನ ಕಾಲನ್ನು ಪಕ್ಕಕ್ಕೆ ಎತ್ತುವುದು. ತೊಡೆಯ ಹೊರಬದಿ ನೋವಿನವರಿಗೂ ಪೃಷ್ಠದ ಸ್ನಾಯು ಬಲಪಡಿಸುವುದೇ ಮುಖ್ಯ ಔಷಧಿ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಿಳಿವಳಿಕೆಯ ಜೊತೆ ವ್ಯಾಯಾಮ ಕಲಿತವರು ಎಂಟು ವಾರಗಳಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಪಡೆದವರಿಗಿಂತ ಹೆಚ್ಚು ಸುಧಾರಿಸಿದ್ದರು. ಈ ಹೊರಬದಿ ನೋವಿನವರು ಕಾಲಮೇಲೆ ಕಾಲು ಹಾಕಿ ಕೂರುವುದನ್ನು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವುದನ್ನು ಬಿಡಬೇಕು.

ವಾರಕ್ಕೆ ಮೂರು ದಿನ ಸಾಕು. ಉಳಿದ ದಿನ ನಡಿಗೆ, ಸೈಕಲ್ ಅಥವಾ ಈಜು. ಆದರೆ ಎರಡು ವಾರಕ್ಕೆ ಫಲ ಕೇಳಬೇಡಿ, ಎಂಟರಿಂದ ಹನ್ನೆರಡು ವಾರ ಕೊಡಿ.

ಮೊದಲೆರಡು ವಾರ ನನ್ನ ಬಲ ಮಂಡಿ ಮುಂಚಿಗಿಂತ ಜಾಸ್ತಿ ನೋಯಿತು, ಬಿಟ್ಟೇಬಿಡುವವನಿದ್ದೆ. ಉಳಿಸಿದ್ದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಲೆಕ್ಕ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿನಲ್ಲಿ 4-5ರ ತನಕ ಹೋದರೆ ಚಿಂತೆಯಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಅಂಕ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಸಂಖ್ಯೆ ಕಡಿಮೆ ಮಾಡಿ. ನಿಲ್ಲಿಸಬೇಡಿ. ಮಂಡಿಯ ಕಟಕಟ ಸದ್ದನ್ನು, ನೋವಿಲ್ಲದಿದ್ದರೆ, ಲೆಕ್ಕಕ್ಕೇ ಇಡಬೇಡಿ.

ತೂಕ ಮತ್ತು ಕೋಲು

ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲಿ ಅಮೆರಿಕದ ಸಂಶೋಧಕರು ಅಳೆದು ಹೇಳಿದರು. ದಿನದ ಹೆಜ್ಜೆಗಳಿಗೆ ಗುಣಿಸಿ ನೋಡಿ. ತೂಕ ಹೆಚ್ಚಿದ್ದವರು ಅದರ ಹತ್ತನೇ ಒಂದು ಭಾಗ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೊಜ್ಜು ತೀವ್ರವಾಗಿರುವವರಿಗೆ ಈಗ ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್ನೂ ಒಂದು ದಾರಿ. ಬೊಜ್ಜಿನ ಜೊತೆ ಮಂಡಿ ಸವೆತವೂ ಇದ್ದ 407 ಜನರ ಮೇಲಿನ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ತೂಕ ಸರಾಸರಿ ಶೇ 13.7ರಷ್ಟು ಇಳಿಯಿತು, ನೋವೂ ಸುಳ್ಳು ಔಷಧಿ (ಹೋಲಿಕೆಗೆಂದು ಕೊಡುವ, ಔಷಧಿಯೇ ಇಲ್ಲದ ಇಂಜೆಕ್ಷನ್) ಪಡೆದವರಿಗಿಂತ ಸ್ಪಷ್ಟವಾಗಿ ತಗ್ಗಿತು. ವೈದ್ಯರ ಉಸ್ತುವಾರಿ ಇಲ್ಲದೆ ಅದಕ್ಕೆ ಕೈಹಾಕಬಾರದು.

ಊರುಗೋಲನ್ನು ಬಹಳ ಜನ ತಪ್ಪು ಕೈಯಲ್ಲಿ ಹಿಡಿಯುತ್ತಾರೆ. ಬಲಗಾಲು ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಭಾರ ಮೈತೂಕದ ಎರಡು ಪಟ್ಟಿಗೂ ಹೆಚ್ಚು, ಏಕೆಂದರೆ ದೇಹ ಒಂದು ಕಡೆ ವಾಲದಂತೆ ಪೃಷ್ಠದ ಸ್ನಾಯು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಎದುರು ಕೈಯ ಕೋಲು ಆ ಎಳೆತದ ಹೊರೆಯನ್ನೇ ಹಂಚಿಕೊಳ್ಳುತ್ತದೆ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿದೆಯೋ ಕೋಲಿನ ಹಿಡಿ ಅಲ್ಲಿರಲಿ. ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆಯ ಕಾಲು, ಇಳಿಯುವಾಗ ಮೊದಲು ನೋವಿನ ಕಾಲು. ಕೋಲು ಹಿಡಿದರೆ ಮುದುಕರಾದೆವು ಎಂಬ ಸಂಕೋಚದಿಂದ ಮನೆಯಲ್ಲೇ ಉಳಿಯುವುದಕ್ಕಿಂತ ಕೋಲು ಹಿಡಿದು ಎರಡು ಕಿಲೋಮೀಟರ್ ನಡೆಯುವುದು ಮೇಲು.

ಔಷಧಿ: ಹೊರಗಿನಿಂದ ಒಳಕ್ಕೆ

ಮಂಡಿಗೆ ಮೊದಲು ಹಚ್ಚುವ ಔಷಧಿ. ಡೈಕ್ಲೋಫೆನಾಕ್ ಜೆಲ್‌ನಂಥವು ಮಂಡಿಯಲ್ಲಿ ನಿಜಕ್ಕೂ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ನೋವು ಬಂದಾಗ ಒಮ್ಮೆ ಸವರಿದರೆ ಸಾಲದು, ದಿನಕ್ಕೆ ಮೂರು ನಾಲ್ಕು ಬಾರಿ ಒಂದೆರಡು ವಾರ ಬಿಡದೆ ಹಚ್ಚಿ ನೋಡಬೇಕು. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ಜೆಲ್ ತಲುಪುವುದಿಲ್ಲ.

ಆಮೇಲೆ ನುಂಗುವ ನೋವುನಿವಾರಕ: ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಇಟೋರಿಕಾಕ್ಸಿಬ್ ಮುಂತಾದವು. ಇವು ಪರಿಣಾಮಕಾರಿ, ಅಷ್ಟೇ ಅಪಾಯಕಾರಿ. ಹೊಟ್ಟೆಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ, ಹೃದಯಾಘಾತದ ಅಪಾಯ ಎಲ್ಲ ಪಟ್ಟಿಯಲ್ಲಿವೆ. ಹೊಟ್ಟೆಗೆ ಹಿತ ಎಂದು ಹೆಸರಾಗಿದ್ದ ರೋಫೆಕಾಕ್ಸಿಬ್ ಮಾತ್ರೆಯನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಲಾಯಿತು. ಕಡಿಮೆ ಪ್ರಮಾಣ, ಕಡಿಮೆ ದಿನ, ಜೊತೆಗೆ ಹೊಟ್ಟೆ ಕಾಯುವ ಮಾತ್ರೆ. ಒಂದೇ ಜಾತಿಯ ಎರಡು ಮಾತ್ರೆಗಳನ್ನು ಸೇರಿಸಬೇಡಿ. ರಕ್ತ ತೆಳುಮಾಡುವ ಔಷಧಿ, ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಒಂದನ್ನೂ ನುಂಗಬಾರದು.

ಪ್ಯಾರಾಸಿಟಮಾಲ್ ಇದಕ್ಕಿಂತ ಸೌಮ್ಯ, ಆದರೆ ಸವೆತದ ನೋವಿನಲ್ಲಿ ಅದರ ಉಪಯೋಗ ತೀರಾ ಅಲ್ಪ ಎಂಬುದು ಈಗ ಒಪ್ಪಿದ ಮಾತು. ಟ್ರಮಡಾಲ್‌ನಂಥ ಅಫೀಮು ಬಗೆಯ ಮಾತ್ರೆಗಳು ತಲೆಸುತ್ತು, ಮಲಬದ್ಧತೆ, ಬೀಳುವ ಅಪಾಯ, ಚಟ ಎಲ್ಲವನ್ನೂ ತರುತ್ತವೆ. ದೀರ್ಘಕಾಲಕ್ಕೆ ಬೇಡವೇ ಬೇಡ. ನೋವು ಹಳೆಯದಾಗಿ ಮೈಯೆಲ್ಲ ಹಬ್ಬಿದಂತಿದ್ದರೆ ಕೆಲವರಿಗೆ ಡ್ಯುಲಾಕ್ಸೆಟಿನ್ ಎಂಬ ಮಾತ್ರೆ ಸಹಾಯಕ. ಅದು ಮೂಲತಃ ಖಿನ್ನತೆಯ ಔಷಧಿ. ಬರೆದುಕೊಟ್ಟರೆ "ನನಗೆ ಹುಚ್ಚೇ?" ಎಂದು ಸಿಟ್ಟಾಗಬೇಡಿ, ನೋವಿನ ಸಂಕೇತವನ್ನು ನರಮಂಡಲ ದೊಡ್ಡದು ಮಾಡುವುದನ್ನು ಅದು ತಗ್ಗಿಸುತ್ತದೆ.

ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್‌ನಂಥ ಪೂರಕ ಮಾತ್ರೆಗಳು? ಅಮೆರಿಕದಲ್ಲಿ 1,583 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎರಡೂ ಒಟ್ಟಾರೆಯಾಗಿ ಸುಳ್ಳು ಮಾತ್ರೆಗಿಂತ ಮೇಲೆನಿಸಲಿಲ್ಲ. ಆ ದುಡ್ಡನ್ನು ಒಳ್ಳೆಯ ಬೂಟಿಗೆ ಹಾಕಿ.

ಇಂಜೆಕ್ಷನ್‌ಗಳು

ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಊದಿದ, ಕೆರಳಿದ ಕೀಲನ್ನು ಕೆಲವು ವಾರ ತಣ್ಣಗೆ ಮಾಡುತ್ತದೆ. ಅಷ್ಟರಲ್ಲಿ ವ್ಯಾಯಾಮ ಹಿಡಿಯಲು, ಮುಖ್ಯ ಪ್ರಯಾಣ ಮುಗಿಸಲು ಅನುಕೂಲ. ಅದನ್ನೇ ಚಿಕಿತ್ಸೆಯೆಂದು ನಂಬಿ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ಬೇರೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷ, 12 ವಾರಕ್ಕೊಮ್ಮೆ ಮಂಡಿಗೆ ಸ್ಟಿರಾಯ್ಡ್ ಪಡೆದವರ ಮೃದ್ವಸ್ಥಿ ಬರೀ ಉಪ್ಪುನೀರು ಪಡೆದವರಿಗಿಂತ ಹೆಚ್ಚು ತೆಳುವಾಯಿತು, ನೋವಿನಲ್ಲಿ ವ್ಯತ್ಯಾಸ ಮಾತ್ರ ಇರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಆಪರೇಷನ್ ಯೋಚನೆಯಿದ್ದರೆ ಹಿಂದಿನ ಮೂರು ತಿಂಗಳಲ್ಲಿ ಇದು ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ. ಸೊಂಟದ ಕೀಲಿಗೆ ಕೊಡುವಾಗ ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ನೋಡಿಕೊಂಡೇ ಕೊಡಬೇಕು.

"ಜೆಲ್ ಇಂಜೆಕ್ಷನ್" ಎಂದು ಮಾರುವ ಹಯಾಲುರೋನಿಕ್ ಆಮ್ಲವನ್ನು ನೈಸ್ ಸಂಸ್ಥೆ ಬೇಡ ಎಂದೇ ಹೇಳಿದೆ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಅದರ ಒಂದು ಭಾಗವನ್ನು ಚುಚ್ಚುವ ಪಿಆರ್‌ಪಿಯ ಬಗ್ಗೆ ಭಾರೀ ಪ್ರಚಾರವಿದೆ. 2021ರಲ್ಲಿ ಪ್ರಕಟವಾದ 288 ಜನರ ಪ್ರಯೋಗದಲ್ಲಿ ವರ್ಷದ ಕೊನೆಗೆ ಅದು ಉಪ್ಪುನೀರಿಗಿಂತ ಮೇಲಾಗಿ ಕಾಣಲಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಮೃದ್ವಸ್ಥಿಯನ್ನು ಮತ್ತೆ ಬೆಳೆಸುತ್ತದೆ ಎಂದು ಜಾಹೀರಾತು ಹೇಳಿದರೆ ಎದ್ದು ಬನ್ನಿ. ಆಪರೇಷನ್ ಮಾಡಿಸಿಕೊಳ್ಳಲಾಗದ ಹಿರಿಯರ ಮಂಡಿಗೆ, ನೋವು ಒಯ್ಯುವ ಸಣ್ಣ ನರಗಳನ್ನು ರೇಡಿಯೋ ಅಲೆಯ ಬಿಸಿಯಿಂದ ತಟಸ್ಥಗೊಳಿಸುವ ಕ್ರಮವಿದೆ. ತಿಂಗಳುಗಟ್ಟಲೆ ಆರಾಮ ಸಿಗಬಹುದು, ನರ ಮತ್ತೆ ಬೆಳೆದಾಗ ನೋವೂ ಮರಳಬಹುದು.

ಕ್ಯಾಮೆರಾ ಹಾಕಿ "ಕ್ಲೀನ್" ಮಾಡಿಸುವುದು

ಸವೆತದ ಮಂಡಿಗೆ ಇದು ಬೇಡ ಎಂದು ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಎರಡು ಪ್ರಯೋಗಗಳು. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ವೈದ್ಯರು 180 ಜನರಲ್ಲಿ ಕೆಲವರಿಗೆ ಆರ್ತ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಈ ಆಪರೇಷನ್ ಮಾಡಿದರು, ಉಳಿದವರಿಗೆ ಚರ್ಮ ಕೊಯ್ದು ಹೊಲಿದು ಸುಮ್ಮನಾದರು. ಎರಡು ವರ್ಷದಲ್ಲಿ ಎರಡೂ ಗುಂಪಿನ ನೋವು ಒಂದೇ. ಫಿನ್‌ಲೆಂಡಿನವರು 2013ರಲ್ಲಿ, ಸವೆತವೂ ಇಲ್ಲದೆ ಬರೀ ವಯಸ್ಸಿಗೆ ಮೆನಿಸ್ಕಸ್ ಹರಿದವರಲ್ಲಿ ಇದನ್ನೇ ಮಾಡಿ ಇಂಥದೇ ಉತ್ತರ ಪಡೆದರು. ಆಟದಲ್ಲೋ ಅಪಘಾತದಲ್ಲೋ ಪೆಟ್ಟುಬಿದ್ದು ಮಂಡಿ ನಿಜವಾಗಿ ಸಿಕ್ಕಿಹಾಕಿಕೊಂಡು ನೇರ ಮಾಡಲಾಗದಿದ್ದರೆ ಮಾತು ಬೇರೆ.

ಕೀಲು ಬದಲಾವಣೆ: ಯಾವಾಗ, ಏನು ಕೇಳಬೇಕು

ಮೂರರಿಂದ ಆರು ತಿಂಗಳು ಮೇಲಿನದೆಲ್ಲ ಮನಸ್ಸಿಟ್ಟು ಮಾಡಿಯೂ ರಾತ್ರಿ ನಿದ್ದೆ ಬರುತ್ತಿಲ್ಲ, ಹಾಳೆಯಲ್ಲಿ ಬರೆದ ಮೂರು ಕೆಲಸ ಇನ್ನೂ ದೂರವೇ ಇವೆ, ಎಕ್ಸ್-ರೇಯಲ್ಲೂ ಸವೆತ ಸ್ಪಷ್ಟವಾಗಿದೆ. ಈ ಮೂರೂ ಸೇರಿದಾಗ ಶಸ್ತ್ರಚಿಕಿತ್ಸೆಯ ಮಾತು ಸರಿ. ವಯಸ್ಸೊಂದೇ ಅಳತೆಯಲ್ಲ. ಅವಸರ ತಪ್ಪಾದಂತೆ, ಮಂಡಿ ಮಡಿಸಲೂ ನೀಡಲೂ ಆಗದಷ್ಟು ಬಿಗಿಯಾಗುವ ತನಕ ಹಲ್ಲುಕಚ್ಚಿ ಕಾಯುವುದೂ ತಪ್ಪು. ಆಪರೇಷನ್‌ಗೆ ಮುಂಚೆ ತೀರಾ ಸೊರಗಿದ ಕಾಲು ನಂತರವೂ ಹಿಂದೆ ಬೀಳುತ್ತದೆ.

ಪೂರ್ತಿ ಬದಲಾವಣೆಯೇ ಆಗಬೇಕೆಂದಿಲ್ಲ. ಕಾಲು ಬಿಲ್ಲಿನಂತೆ ಬಾಗಿ ಮಂಡಿಯ ಒಂದೇ ಬದಿ ಸವೆದಿದ್ದು, ವಯಸ್ಸೂ ಚಿಕ್ಕದಿದ್ದರೆ ಮೂಳೆ ಕತ್ತರಿಸಿ ನೇರ ಮಾಡುವ ಆಸ್ಟಿಯಾಟಮಿ ಇದೆ. ಒಂದೇ ಬದಿ ಸವೆದು, ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳು ಗಟ್ಟಿಯಿದ್ದರೆ ಅರ್ಧ ಮಂಡಿ ಬದಲಾವಣೆ ಸಾಧ್ಯ. ಚೇತರಿಕೆ ಬೇಗ, ಆದರೆ ಮುಂದೆ ಮತ್ತೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಹೆಚ್ಚು.

ಇಂದಿನ ಸೊಂಟದ ಕೀಲು ಬದಲಾವಣೆಗೆ ದಾರಿ ಹಾಕಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ, 1962ರಲ್ಲಿ. ಅಲ್ಲಿಂದ ನಡೆದುಬಂದ ಲೆಕ್ಕ ಹೇಳುವುದೇನೆಂದರೆ, 25 ವರ್ಷದ ನಂತರವೂ ಸೊಂಟದ ಕೃತಕ ಕೀಲುಗಳಲ್ಲಿ ಸುಮಾರು ಶೇ 58, ಪೂರ್ತಿ ಮಂಡಿಗಳಲ್ಲಿ ಶೇ 82, ಅರ್ಧ ಮಂಡಿಗಳಲ್ಲಿ ಶೇ 70 ಹಾಗೇ ಉಳಿದಿರುತ್ತವೆ. ಇದು 2019ರಲ್ಲಿ ಹಲವು ದೇಶಗಳ ದಾಖಲೆ ಒಟ್ಟುಗೂಡಿಸಿ ತೆಗೆದ ಅಂದಾಜು. ಬಾಳಿಕೆ ಬೇರೆ, ತೃಪ್ತಿ ಬೇರೆ. ಸೊಂಟದ ಕೀಲು ಬದಲಿಸಿಕೊಂಡವರು "ಅದಿದೆ ಎಂಬುದೇ ಮರೆತುಹೋಯಿತು" ಎನ್ನುವುದು ಸಾಮಾನ್ಯ. ಮಂಡಿಯಲ್ಲಿ ಐವರಲ್ಲಿ ಒಬ್ಬರಷ್ಟು ಜನ ಪೂರ್ತಿ ಸಮಾಧಾನಗೊಳ್ಳುವುದಿಲ್ಲ. ಮಂಡಿಯೂರುವುದು ಕಷ್ಟ, ಗಾಯದ ಹೊರಬದಿ ಮರಗಟ್ಟಿದಂತಿರುತ್ತದೆ, ಕುಕ್ಕರಗಾಲಿನಲ್ಲಿ ಕೂರುವ ಆಸೆ ಬಿಡಬೇಕಾಗಬಹುದು.

ಒಪ್ಪುವ ಮುಂಚೆ ವೈದ್ಯರನ್ನು ಕೇಳಿ: ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ನನ್ನ ಆರೋಗ್ಯಕ್ಕೆ ಸೋಂಕು, ರಕ್ತ ಹೆಪ್ಪುಗಟ್ಟುವುದು, ಕೀಲು ಜಾರುವುದು ಇವುಗಳ ಅಪಾಯ ಎಷ್ಟು? ಒಂದು ಬದಿಯದ್ದು ಮಾತ್ರ ಸಾಕಾಗದೇಕೆ? ರೋಬೋ ಯಂತ್ರದ ಹೆಸರಿಗಿಂತ ಈ ಉತ್ತರಗಳಿಗೆ ಬೆಲೆ ಹೆಚ್ಚು. ಎರಡೂ ಮಂಡಿ ಒಂದೇ ದಿನ ಮಾಡುತ್ತೇವೆ ಎಂದರೆ ಹೃದಯ, ಶ್ವಾಸಕೋಶದ ತಪಾಸಣೆ ಮುಗಿಯುವ ತನಕ ಒಪ್ಪಬೇಡಿ.

ದಿನ ಗೊತ್ತಾದ ಮೇಲೆ ತಯಾರಿ ಶುರು. ಧೂಮಪಾನವನ್ನು ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಿ, ಸಕ್ಕರೆ ಹತೋಟಿಗೆ ತನ್ನಿ, ಹುಳುಕು ಹಲ್ಲು, ಚರ್ಮದ ಹುಣ್ಣು ಮೊದಲೇ ತೋರಿಸಿ, ಏಕೆಂದರೆ ಅಲ್ಲಿನ ಕ್ರಿಮಿ ರಕ್ತದ ಮೂಲಕ ಹೊಸ ಕೀಲಿಗೆ ಹೋಗಿ ಕೂರಬಹುದು. ಕಾಲಿಗೆ ಸಿಕ್ಕುವ ಚಾಪೆಗಳನ್ನು ಎತ್ತಿಡಿ, ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಕುರ್ಚಿ ಎತ್ತರ ಮಾಡಿಸಿ.

ಆಪರೇಷನ್ ದಿನವೋ ಮಾರನೆಯ ದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ಸೊಂಟದವರು ಮೊದಲ ಕೆಲವು ವಾರ ಯಾವ ಕಡೆ ಎಷ್ಟು ಬಾಗಬಹುದೆಂದು ತಮ್ಮ ಸರ್ಜನ್‌ರನ್ನೇ ಕೇಳಬೇಕು, ಕೀಲನ್ನು ಯಾವ ಬದಿಯಿಂದ ತೆರೆದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಮಂಡಿಯವರ ಮೊದಲ ಆರು ವಾರದ ಕೆಲಸ ಎರಡೇ, ಪೂರ್ತಿ ನೀಡುವುದು ಮತ್ತು 90 ಡಿಗ್ರಿ ದಾಟಿ ಮಡಿಸುವುದು. ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಹಿತವೆನಿಸುತ್ತದೆ, ಆದರೆ ಮಂಡಿ ಹಾಗೇ ಬಾಗಿ ಕೂರುತ್ತದೆ. ದಿಂಬು ಬೇಕೇಬೇಕಾದರೆ ಹಿಮ್ಮಡಿಯ ಕೆಳಗಿಡಿ.